ಕೇಸು ಬಿಡಿ, ರಿಜಿಸ್ಟರ್ ಕೇಳಿ: ಠಾಣೆಯ ಮೇಲೆ ಕಣ್ಣಿಟ್ಟ ನಮ್ಮ ಅನುಭವ

ನಮ್ಮ ಗುಂಪಿಗೆ ಒಂದು ನಿಯಮ ಇದೆ. ಪೊಲೀಸ್ ಠಾಣೆಯ ಸಭೆಗೆ ಹೋದಾಗ ಯಾರದೇ ಕೇಸಿನ ಬಗ್ಗೆ ಬಾಯಿ ಬಿಡಬಾರದು. ಇದನ್ನು ಕೇಳಿದವರು "ಮತ್ತೆ ಹೋಗೋದ್ಯಾಕೆ, ಟೀ ಕುಡಿಯೋಕಾ?" ಅಂತ ನಗುತ್ತಾರೆ. ನಾವು ಹೋಗುವುದು ಲೆಕ್ಕ ಕೇಳಲಿಕ್ಕೆ.

ನಾನು ಸಹಕಾರ ಸಂಘಗಳ ಲೆಕ್ಕಪತ್ರ ತಪಾಸಣೆ ಮಾಡಿಕೊಂಡು ನಿವೃತ್ತನಾದವನು. ಕಾರ್ಯದರ್ಶಿ ಒಳ್ಳೆಯವನೋ ಕೆಟ್ಟವನೋ ಎಂದು ನೋಡುವುದು ನನ್ನ ಕೆಲಸ ಆಗಿರಲಿಲ್ಲ. ಪುಸ್ತಕ ತನ್ನಿ, ನೋಡೋಣ ಅಂತಿದ್ದೆ. ಠಾಣೆಯ ವಿಷಯದಲ್ಲೂ ಅದನ್ನೇ ಮಾಡಿದ್ದು. ಒಂದು ಕೇಸು ಹಿಡಿದು ಜಗಳಕ್ಕೆ ಹೋದರೆ ಪಿಎಸ್‌ಐ ಆ ಕೇಸಿನ ಬಗ್ಗೆಯೇ ಮಾತಾಡುತ್ತಾರೆ. ತನಿಖೆಯಲ್ಲಿದೆ, ಹೇಳೋಕಾಗಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಅದೂ ಅಲ್ಲದೆ, ಇವತ್ತು ನ್ಯಾಯಕ್ಕಾಗಿ ಒಬ್ಬರ ಪರ ಮಾತಾಡಿದವರು ನಾಳೆ ವಶೀಲಿಗಾಗಿ ಇನ್ನೊಬ್ಬರ ಪರ ಮಾತಾಡಲು ಶುರು ಮಾಡುತ್ತಾರೆ. ನಮ್ಮ ತಾಲೂಕಿನಲ್ಲಿ ಠಾಣೆಯ ಬಾಗಿಲಲ್ಲಿ ಸದಾ ಕಾಣುವ ಕೆಲವು 'ಮುಖಂಡರು' ಹುಟ್ಟಿದ್ದೇ ಹೀಗೆ.

ಅದಕ್ಕೇ ಗುಂಪಿಗೆ ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದಕ್ಕೆ ನಾವು ತುಂಬ ಹೊತ್ತು ತೆಗೆದುಕೊಂಡೆವು. ಇಬ್ಬರು ವಕೀಲರು, ಒಬ್ಬ ನಿವೃತ್ತ ನರ್ಸ್, ಆಟೋ ಚಾಲಕರ ಸಂಘದವರು, ಸ್ತ್ರೀಶಕ್ತಿ ಸಂಘ ನಡೆಸುವ ಒಬ್ಬ ಅಕ್ಕ, ದಲಿತ ಸಂಘಟನೆಯ ಒಬ್ಬ ಹುಡುಗ. ಪಕ್ಷದ ಪದಾಧಿಕಾರಿಗಳು ಬೇಡ ಎಂದೆವು. ಸೈಟು, ಮರಳು, ಬಾರ್ ವ್ಯವಹಾರ ಇದ್ದವರೂ ಬೇಡ ಎಂದೆವು. ಕೆಲವರಿಗೆ ಸಿಟ್ಟು ಬಂತು, ಬರಲಿ.

ನಮಗೆ ಕಾನೂನಿನಲ್ಲಿ ಯಾವ ಅಧಿಕಾರವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಸುಧಾರಣೆಗೆ ಏಳು ನಿರ್ದೇಶನ ಕೊಟ್ಟಿತು. ಅರ್ಜಿ ಹಾಕಿದ್ದ ಪ್ರಕಾಶ್ ಸಿಂಗ್ ಅವರೇ ಉತ್ತರ ಪ್ರದೇಶದಲ್ಲಿ ಡಿಜಿಪಿ ಆಗಿದ್ದವರು, ಬಿಎಸ್‌ಎಫ್ ಮುಖ್ಯಸ್ಥರಾಗಿದ್ದವರು. ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇರಬೇಕು, ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅದರ ಮುಖ್ಯಸ್ಥರಾಗಿರಬೇಕು, ಡಿವೈಎಸ್‌ಪಿ ದರ್ಜೆಯವರೆಗಿನವರ ಮೇಲಿನ ದೂರು ಅಲ್ಲಿಗೆ ಹೋಗಬೇಕು ಎಂಬುದು ಅದರಲ್ಲಿ ಒಂದು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಪ್ರಾಧಿಕಾರಗಳನ್ನು ಸೇರಿಸಿತು. ಆದರೆ ಇವೆಲ್ಲ ಏಟು ಬಿದ್ದ ಮೇಲೆ ಹೋಗುವ ಜಾಗಗಳು. ಏಟು ಬೀಳುವ ಮೊದಲೇ ಠಾಣೆಯೊಳಗೆ ಇಣುಕಿ ನೋಡಲು ಊರಿನವರಿಗೆ ಏನಿದೆ? 2015ರಲ್ಲಿ, ಪೊಲೀಸ್ ವಶದಲ್ಲಿ ನಡೆಯುವ ಹಿಂಸೆಗೆ ಸಂಬಂಧಿಸಿದ ಡಿ.ಕೆ. ಬಸು ಪ್ರಕರಣದ ಎರಡನೇ ಸುತ್ತಿನಲ್ಲಿ, ಸುಪ್ರೀಂ ಕೋರ್ಟ್ ಠಾಣೆಗಳಿಗೆ ಅಧಿಕಾರಿಗಳಲ್ಲದ ಸಂದರ್ಶಕರನ್ನು ನೇಮಿಸುವುದನ್ನು ಪರಿಗಣಿಸಿ ಎಂದಿತು. 'ಪರಿಗಣಿಸಿ' ಅಂದರೆ ನಮ್ಮಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ವಾ.

ಹಾಗಾಗಿ ಇದ್ದ ಬಾಗಿಲಿನಿಂದಲೇ ಒಳಗೆ ಹೋದೆವು. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ಪದ್ಧತಿ ಬಂತು. ಒಂದೊಂದು ಬೀಟಿಗೆ ಒಬ್ಬ ಪೊಲೀಸ್, ಅವರ ಜೊತೆ ಆ ಬೀದಿಗಳ ಜನರ ಸಮಿತಿ. ಸಭೆಗಳೂ ನಡೆಯುತ್ತವೆ. ಆದರೆ ಅಲ್ಲಿ ಮಾತಾಡುವುದು ಪೊಲೀಸರು, ಕೇಳುವುದು ನಾವು: ಬೀಗ ಭದ್ರ ಹಾಕಿ, ಒಟಿಪಿ ಕೊಡಬೇಡಿ, ಒಡವೆ ಹಾಕಿಕೊಂಡು ಒಬ್ಬರೇ ಓಡಾಡಬೇಡಿ. ಜನರ ಕಡೆಯಿಂದ ಬೀದಿದೀಪ, ಪಾರ್ಕಿಂಗ್, ಕುಡುಕರ ಕಾಟ. ಆಮೇಲೆ ಫೋಟೋ. ನಾವು ಪಿಎಸ್‌ಐ ಹತ್ತಿರ ಹೋಗಿ, ಸಭೆಯ ಕೊನೆಗೆ ಸ್ವಲ್ಪ ಹೊತ್ತು ಕೊಡಿ, ಠಾಣೆಯ ಬಗ್ಗೆ ನಾಲ್ಕು ಪ್ರಶ್ನೆ ಬರೆದುಕೊಂಡು ಬರುತ್ತೇವೆ ಎಂದೆವು. ಬರೆದು ತರುತ್ತೇವೆ ಅಂದದ್ದಕ್ಕೆ ಒಪ್ಪಿದರು ಅನ್ನಿಸುತ್ತದೆ. ಗಲಾಟೆ ಮಾಡುವವರು ಬರೆದುಕೊಂಡು ಬರಲ್ಲ.

ಮೊದಲು ಕೇಳಿದ್ದು ತೀರಾ ಸಪ್ಪೆ ಪ್ರಶ್ನೆ. ಕಳೆದ ತಿಂಗಳು ಎಷ್ಟು ಅರ್ಜಿ ಬಂತು? ಅದರಲ್ಲಿ ಎಷ್ಟಕ್ಕೆ ಎಫ್‌ಐಆರ್ ಆಯಿತು, ಎಷ್ಟಕ್ಕೆ ಎನ್‌ಸಿಆರ್ (ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧದ ದಾಖಲೆ) ಕೊಟ್ಟಿರಿ, ಎಷ್ಟನ್ನು ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಟ್ಟು ಮುಗಿಸಿದಿರಿ? ಠಾಣೆಗೆ ಹೋಗಿ ಬಂದವರಿಗೆಲ್ಲ ಈ ಪ್ರಶ್ನೆಯ ಬೆಲೆ ಗೊತ್ತು. ಕಾಗ್ನಿಜಬಲ್ ಅಪರಾಧದ, ಅಂದರೆ ಕೋರ್ಟಿನ ಅನುಮತಿ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು 2013ರಲ್ಲೇ ಸುಪ್ರೀಂ ಕೋರ್ಟಿನ ಲಲಿತಾ ಕುಮಾರಿ ತೀರ್ಪು ಹೇಳಿದೆ. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ ಕಾನೂನಿನ 173ನೇ ಕಲಂ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ದೂರು ತೆಗೆದುಕೊಳ್ಳಬೇಕು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ನಿಜದಲ್ಲಿ ಆಗುವುದೇನು? ಅರ್ಜಿ ಕೊಟ್ಟವರನ್ನು ನಾಳೆ ಬನ್ನಿ, ಎದುರು ಪಾರ್ಟಿನೂ ಕರೆಸ್ತೀವಿ ಅಂತ ಕಳಿಸುತ್ತಾರೆ. ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಪಿಎಸ್‌ಐ, ಆ ಥರ ಲೆಕ್ಕ ನಾವಿಡಲ್ಲ ಅಂದರು. ಅವರ ಪಕ್ಕದಲ್ಲಿದ್ದ ರೈಟರ್ ಮುಖ ನೋಡಿದೆ. ಅರ್ಜಿ ರಿಜಿಸ್ಟರ್ ಬರೆಯುವವರು ಅವರೇ. ಮಾತಾಡದೆ ಎದ್ದು ಬಂದು ಆರ್‌ಟಿಐ ಹಾಕಿದೆವು.

ಆರ್‌ಟಿಐ ಬಗ್ಗೆ ಒಂದೆರಡು ಮಾತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. 10 ರೂಪಾಯಿ ಶುಲ್ಕ. ಜಾಸ್ತಿ ಜನ ಸೋಲುವುದು 'ಏಕೆ' ಎಂದು ಕೇಳಿ. ಏಕೆ ಎಫ್‌ಐಆರ್ ಹಾಕಿಲ್ಲ ಅಂದರೆ ಅದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಎಂದು ಬರೆದು ಕಳಿಸುತ್ತಾರೆ, ಅದು ಸರಿಯೂ ಹೌದು. ರಿಜಿಸ್ಟರಿನ ಹೆಸರು, ತಿಂಗಳು, ಸಂಖ್ಯೆ ಕೇಳಿ. ಜನರ ಹೆಸರು ಬೇಡ ಎಂದು ನೀವೇ ಬರೆದುಬಿಡಿ. ಆಗ ವೈಯಕ್ತಿಕ ಮಾಹಿತಿ ಎನ್ನುವ ನೆಪ ಉಳಿಯುವುದಿಲ್ಲ. ಅಷ್ಟಾದರೂ ನಮಗೆ ಬಂದ ಮೊದಲ ಉತ್ತರ ಆರ್‌ಟಿಐ ಕಾಯ್ದೆಯ 8(1)(ಎಚ್) ಕಲಂ, ಅಂದರೆ ತನಿಖೆಗೆ ಅಡ್ಡಿಯಾಗುತ್ತದೆ ಎಂದು. ಒಂದು ಸಂಖ್ಯೆ ಯಾವ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ? ಮೊದಲ ಮೇಲ್ಮನವಿಯಲ್ಲಿ ನಾವು ಬರೆದದ್ದು ಹೆಚ್ಚುಕಡಿಮೆ ಇಷ್ಟೇ. ಮಾಹಿತಿ ಬಂತು.

ಸಂಖ್ಯೆಗಳನ್ನು ಹರಡಿಕೊಂಡು ಕೂತಾಗ ಕಣ್ಣಿಗೆ ಬಿದ್ದದ್ದು ಹೆಂಗಸರ ಅರ್ಜಿಗಳು. ಬೇರೆ ಅರ್ಜಿಗಳಿಗಿಂತ ಅವು 'ರಾಜಿ' ಅಥವಾ 'ತಿಳುವಳಿಕೆ ಹೇಳಲಾಯಿತು' ಎಂದು ಮುಗಿದದ್ದು ಎದ್ದು ಕಾಣುತ್ತಿತ್ತು. ಸ್ತ್ರೀಶಕ್ತಿ ಸಂಘದ ಅಕ್ಕ ಆ ಹಾಳೆ ಹಿಡಿದುಕೊಂಡು, "ಇದನ್ನ ಹೇಳೋಕೆ ಆರ್‌ಟಿಐ ಯಾಕ್ರೀ ಬೇಕಿತ್ತು, ನನ್ನ ಕೇಳಿದ್ರೆ ಹೇಳ್ತಿದ್ದೆ" ಅಂದರು. ನಿಜ. ಆದರೆ ಅವರು ಹೇಳಿದರೆ ದೂರು ಆಗುತ್ತದೆ, ಠಾಣೆಯ ಸೀಲು ಬಿದ್ದ ಹಾಳೆ ಹೇಳಿದರೆ ದಾಖಲೆ ಆಗುತ್ತದೆ. ಮುಂದಿನ ಸಭೆಗೆ ಆ ಹಾಳೆಯ ಪ್ರತಿ ಒಯ್ದೆವು. ಯಾರ ಮೇಲೂ ಆರೋಪ ಮಾಡಲಿಲ್ಲ. ಪ್ರತಿ ಅರ್ಜಿಗೂ ನಂಬರ್, ತಾರೀಖು, ಸಹಿ ಇರುವ ಸ್ವೀಕೃತಿ ಕೊಡಿ ಎಂದು ಮಾತ್ರ ಕೇಳಿದೆವು. ಈಗ ಕೊಡುತ್ತಾರೆ. ಕೇಳಿದವರಿಗೆ ತಕ್ಷಣ ಕೊಡುತ್ತಾರೆ, ಕೇಳದವರಿಗೆ ಒಮ್ಮೊಮ್ಮೆ ಮರೆಯುತ್ತಾರೆ.

ಇದಕ್ಕಿಂತ ದೊಡ್ಡ ಕೆಲಸ ಅಂದರೆ ಸಿಸಿಟಿವಿ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಬಂದ ಸುಪ್ರೀಂ ಕೋರ್ಟ್ ಆದೇಶವನ್ನು ಈ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ಒಮ್ಮೆ ಪೂರ್ತಿ ಓದಬೇಕು. ಉದ್ದ ಇಲ್ಲ. ಠಾಣೆಯ ಒಳಬರುವ, ಹೊರಹೋಗುವ ಎಲ್ಲ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಕೋಣೆ, ಹಿಂಭಾಗ, ಶೌಚಾಲಯದ ಹೊರಗೆ, ಹೀಗೆ ಎಲ್ಲೆಲ್ಲಿ ಕ್ಯಾಮೆರಾ ಇರಬೇಕೆಂದು ಹೆಸರು ಹೇಳಿ ಬರೆದಿದೆ. ರಾತ್ರಿಯೂ ಕಾಣಬೇಕು, ಮಾತೂ ಕೇಳಿಸಬೇಕು. ರೆಕಾರ್ಡಿಂಗ್ 18 ತಿಂಗಳು ಉಳಿಯಬೇಕು. ಅಂಥ ಸಲಕರಣೆ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇರಬಾರದು.

ಎಲ್ಲರೂ ಮೊದಲು ಕೇಳುವುದು ಕ್ಯಾಮೆರಾ ಇದೆಯಾ ಎಂದು. ಇದೆ ಸಾರ್, ನೋಡಿ ಅಲ್ಲಿ ಅಂತ ಕೈ ತೋರಿಸುತ್ತಾರೆ. ನಾವು ಕೇಳಿದ್ದು ಬೇರೆ. ಇವತ್ತಿನ ತಾರೀಖಿಗೆ ನಿಮ್ಮ ಯಂತ್ರದಲ್ಲಿ ಇರುವ ಅತಿ ಹಳೆಯ ರೆಕಾರ್ಡಿಂಗ್ ಯಾವ ದಿನದ್ದು? ಇದಕ್ಕೆ ಉತ್ತರ ಒಂದು ತಾರೀಖು ಮಾತ್ರ ಆಗಲು ಸಾಧ್ಯ, ಸುಮ್ನೆ ಭಾಷಣ ಆಗಲ್ಲ. ನಮ್ಮ ಠಾಣೆಯಲ್ಲಿ ಅದು ತಿಂಗಳೊಪ್ಪತ್ತಿನ ಹಿಂದಿನ ತಾರೀಖು. ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಿತ್ತು. ಯಾರೂ ಬೇಕೆಂದು ಅಳಿಸಿರಲಿಲ್ಲ. ಕ್ಯಾಮೆರಾ ಖರೀದಿಸಿದವರು ಸಂಗ್ರಹದ ಲೆಕ್ಕವನ್ನೇ ಹಾಕಿರಲಿಲ್ಲ. ನನ್ನ ಅನುಭವದಲ್ಲಿ ಇದು ಕೆಟ್ಟ ಉದ್ದೇಶಕ್ಕಿಂತ ಜಾಸ್ತಿ ಹಾನಿ ಮಾಡುತ್ತದೆ, ಯಾಕಂದ್ರೆ ಬೈಯಲು ಯಾರೂ ಸಿಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಠಾಣೆಗಳ ಸಿಸಿಟಿವಿ ಕೆಲಸ ಮಾಡದಿರುವ ಬಗ್ಗೆ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಅಂದರೆ ಇದು ನಮ್ಮೊಬ್ಬರ ಠಾಣೆಯ ಕಥೆ ಅಲ್ಲ.

ಅದೇ ಆದೇಶದಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ಈ ಠಾಣೆಯಲ್ಲಿ ಸಿಸಿಟಿವಿ ಇದೆ, ಮಾನವ ಹಕ್ಕು ಉಲ್ಲಂಘನೆಯಾದರೆ ಮಾನವ ಹಕ್ಕು ಆಯೋಗಕ್ಕೆ, ಮಾನವ ಹಕ್ಕು ನ್ಯಾಯಾಲಯಕ್ಕೆ, ಎಸ್‌ಪಿಗೆ ದೂರು ಕೊಡಬಹುದು, ಆ ರೆಕಾರ್ಡಿಂಗ್ ಉಳಿಸಿಡಿ ಎಂದು ಕೇಳುವ ಹಕ್ಕು ನಿಮಗಿದೆ ಎಂದು ಜನರ ಭಾಷೆಯಲ್ಲೂ ದೊಡ್ಡದಾಗಿ ಬರೆದು ಬಾಗಿಲಲ್ಲಿ ಹಾಕಬೇಕು. ನಮ್ಮಲ್ಲಿ ಅದು ಇರಲಿಲ್ಲ. ಬಜೆಟ್ ಇಲ್ಲ ಅಂದರು. ನಾವೇ ಮಾಡಿಸಿಕೊಡಬಹುದಿತ್ತು, ಫ್ಲೆಕ್ಸ್ ಅಷ್ಟೇ ತಾನೇ. ಬೇಡ ಎಂದು ನಿರ್ಧರಿಸಿದೆವು. ನಾವು ಹಾಕಿಸಿದರೆ ಅದು ಕೆಳಗೆ ಪ್ರಾಯೋಜಕರ ಹೆಸರಿರುವ ಇನ್ನೊಂದು ಬ್ಯಾನರ್ ಆಗುತ್ತದೆ. ಎಸ್‌ಪಿಗೆ ಪತ್ರ ಬರೆದೆವು, ಆದೇಶದ ಆ ಪ್ಯಾರಾ ಲಗತ್ತಿಸಿದೆವು. ಒಂದು ದಿನ ಬೋರ್ಡ್ ಬಂತು. ಕನ್ನಡದಲ್ಲಿ ಎರಡು ಕಾಗುಣಿತ ತಪ್ಪು ಇದೆ, ಇರಲಿ.

ಠಾಣೆಯಲ್ಲಿ ಹೊಡೆದರು ಎಂದು ಯಾರಾದರೂ ಬಂದರೆ ನಮ್ಮ ವಕೀಲರಿಬ್ಬರು ಅದನ್ನು ಸಭೆಯಿಂದ ಹೊರಗೆ, ಬೇರೆಯಾಗಿ ನೋಡುತ್ತಾರೆ. ಮೊದಲು ಸರ್ಕಾರಿ ಆಸ್ಪತ್ರೆ, ಗಾಯದ ದಾಖಲೆ. ಅದೇ ದಿನ ಒಂದು ಪತ್ರ: ಇಂಥ ತಾರೀಖು, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ಈ ಜಾಗದ ಕ್ಯಾಮೆರಾದ ರೆಕಾರ್ಡಿಂಗ್ ಉಳಿಸಿಡಿ. ಒಂದು ಪ್ರತಿ ಠಾಣಾಧಿಕಾರಿಗೆ, ಒಂದು ಎಸ್‌ಪಿಗೆ, ಒಂದು ಜಿಲ್ಲಾಧಿಕಾರಿಗೆ, ಎಲ್ಲ ಸ್ಪೀಡ್ ಪೋಸ್ಟ್‌ನಲ್ಲಿ. ಡಿಸ್ಕ್ ತಿಂಗಳೊಪ್ಪತ್ತಿಗೆ ಅಳಿಯುವಾಗ ಈ ಪತ್ರವೊಂದೇ ತಡೆ. ಇನ್ನೊಂದು ಗಡುವನ್ನೂ ಹೇಳುತ್ತಾರೆ. ಮಾನವ ಹಕ್ಕು ಆಯೋಗ ಒಂದು ವರ್ಷ ದಾಟಿದ ಘಟನೆಯನ್ನು ತೆಗೆದುಕೊಳ್ಳುವುದಿಲ್ಲ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಕೇಸು ಹಾಕಲು ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಲ್ಲಿ ಸರ್ಕಾರದ ಅನುಮತಿಯ ಷರತ್ತೂ ಇದೆ, ಒಂದು ವರ್ಷದ ಮಿತಿಯೂ ಇದೆ. ಹಿರಿಯರು ಕೂತು ಮಾತಾಡಿ ಬಗೆಹರಿಸೋಣ ಅಂತ ತಿಂಗಳುಗಟ್ಟಲೆ ಎಳೆಯುವವರಿಗೆ ಇದು ಗೊತ್ತಿರುವುದಿಲ್ಲ. ಅಥವಾ ಚೆನ್ನಾಗಿ ಗೊತ್ತಿರುತ್ತದೆ.

ಆರ್‌ಟಿಐ ಇಲ್ಲದೆಯೂ ಸಿಗುವ ದಾಖಲೆ ಇದೆ. ಪಿಎಸ್‌ಐ ಕೋಣೆಯ ಗೋಡೆಯ ಮೇಲೆ ಹಿಂದಿನ ಅಧಿಕಾರಿಗಳ ಹೆಸರು, ಬಂದ ತಾರೀಖು, ಹೋದ ತಾರೀಖು ಬರೆದ ಹಲಗೆ ಇರುತ್ತದಲ್ಲ, ಅದನ್ನು ಓದಿ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಇರಬೇಕು ಎಂದು ಪ್ರಕಾಶ್ ಸಿಂಗ್ ತೀರ್ಪು ಹೇಳುತ್ತದೆ. ನಮ್ಮ ಠಾಣೆಯ ಹಲಗೆಯಲ್ಲಿ ಅಷ್ಟು ದಿನ ಇದ್ದವರನ್ನು ಹುಡುಕಬೇಕು. ಪ್ರತಿ ಸಲ ಹೊಸಬರು ಬಂದಾಗ ಸ್ವೀಕೃತಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಅದಕ್ಕೆ ಹಳೆಯ ಪ್ರಶ್ನೋತ್ತರಗಳ ಫೈಲನ್ನು ಈಗ ಹೊಸಬರ ಮೊದಲ ಭೇಟಿಯಲ್ಲೇ ಕೊಟ್ಟುಬಿಡುತ್ತೇವೆ. ಒಬ್ಬರು ಓದಿ ಬಂದಿದ್ದರು, ಉಳಿದವರು ಕಪಾಟಿಗೆ ಹಾಕಿದರು.

ಕಾನ್‌ಸ್ಟೇಬಲ್‌ಗಳು ನಮ್ಮನ್ನು ಮೊದಮೊದಲು ಅನುಮಾನದಿಂದ ನೋಡುತ್ತಿದ್ದರು. ಸೆಂಟ್ರಿ ಡ್ಯೂಟಿಯಲ್ಲಿದ್ದ ಒಬ್ಬರು ಒಂದು ಸಂಜೆ ಮೆಲ್ಲಗೆ, "ಸಾರ್, ನಮ್ಮ ವಾರದ ರಜೆದೂ ಒಂದ್ ಪ್ರಶ್ನೆ ಹಾಕಿ" ಅಂದರು. ಹಾಕಿದೆವು. ಎಷ್ಟು ರಜೆ ಮಂಜೂರಾಯಿತು, ಎಷ್ಟು ರದ್ದಾಯಿತು ಎಂಬುದು ಈಗ ನಮ್ಮ ಪಟ್ಟಿಯಲ್ಲಿ ಕಾಯಂ ಆಗಿದೆ. ಗುಂಪಿನ ಹುಡುಗನಿಗೆ ಇದು ಇಷ್ಟವಿರಲಿಲ್ಲ. ಅವರ ಪರ ನಾವ್ಯಾಕೆ ಕೇಳಬೇಕು ಅಂದ. ನಿದ್ದೆಗೆಟ್ಟವನ ಕೈಯಲ್ಲಿ ಲಾಠಿ ಇದ್ದರೆ ಏಟು ಬೀಳುವುದು ನಿನ್ನ ಕೇರಿಯವರಿಗೇ ಅಂತ ನರ್ಸ್ ಅಮ್ಮ ಹೇಳಿದರು. ಆ ವಾದ ಇನ್ನೂ ಮುಗಿದಿಲ್ಲ.

ಈಗ ನಾವು ಸಿಕ್ಕಿಕೊಂಡಿರುವುದು ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಯ ಹತ್ತಿರ. ಸೈನಿ ಆದೇಶದ ಪ್ರಕಾರ ಠಾಣೆಗಳ ಸಿಸಿಟಿವಿ ನೋಡಿಕೊಳ್ಳುವುದು, ವರದಿಯಾಗದ ಹಕ್ಕು ಉಲ್ಲಂಘನೆ ಇದೆಯಾ ಎಂದು ರೆಕಾರ್ಡಿಂಗ್ ಪರಿಶೀಲಿಸುವುದು ಈ ಸಮಿತಿಯ ಕೆಲಸ. ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಎಸ್‌ಪಿ ಇರುತ್ತಾರೆ. ಇವರ ಜೊತೆಗೆ ಜನರಿಂದ ಆಯ್ಕೆಯಾದ ಒಬ್ಬರು: ನಗರದ ಕಡೆ ಮೇಯರ್, ಹಳ್ಳಿ ಕಡೆ ಜಿಲ್ಲಾ ಪಂಚಾಯಿತಿ ಮುಖ್ಯಸ್ಥರು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಜನರಿಗೆಂದು ಇಟ್ಟಿದ್ದ ಒಂದೇ ಒಂದು ಕುರ್ಚಿಯಲ್ಲೂ ಅಧಿಕಾರಿಯೇ ಕೂರುವ ಹಾಗಾಯಿತು.

ಸಮಿತಿ ಎಷ್ಟು ಸಲ ಸೇರಿದೆ, ಯಾರು ಹಾಜರಿದ್ದರು, ಯಾವ ಠಾಣೆಯ ರೆಕಾರ್ಡಿಂಗ್ ನೋಡಿದರು ಎಂದು ನಡಾವಳಿ ಪ್ರತಿ ಕೇಳಿ ಅರ್ಜಿ ಹಾಕಿದ್ದೇವೆ. ಒಂದು ಕಚೇರಿ ಇನ್ನೊಂದಕ್ಕೆ ವರ್ಗಾಯಿಸಿತು, ಅದು ಮತ್ತೆ ಮೊದಲಿನದಕ್ಕೇ ವಾಪಸ್ ಕಳಿಸಿತು. ಎರಡೂ ಕಡೆ ಮೊದಲ ಮೇಲ್ಮನವಿ ಸಲ್ಲಿಸಿದ್ದೇವೆ. ಅದರ ಜೊತೆಗೆ, ಜಿಲ್ಲಾ ಪಂಚಾಯಿತಿಗೆ ಅಧ್ಯಕ್ಷರು ಬರುವವರೆಗೆ ನಮ್ಮ ಪುರಸಭೆ ಅಧ್ಯಕ್ಷರನ್ನಾದರೂ ಸಭೆಗೆ ಕರೆಯಿರಿ ಎಂದು ಜಿಲ್ಲಾಧಿಕಾರಿಗೆ ಬರೆದಿದ್ದೇವೆ. ಅಧ್ಯಕ್ಷರಿಗೆ ಈ ವಿಷಯ ತಿಳಿಸಲು ಹೋದಾಗ ಅವರು ಕೇಳಿದ್ದು, ಆ ಸಭೆಗೆ ಭತ್ಯೆ ಕೊಡ್ತಾರಾ ಅಂತ.