ಅಮ್ಮನ ಕೈಗಡಿಯಾರಕ್ಕೆ ಬೇರೆ ಪಟ್ಟಿ

ಬೀರುವಿನಲ್ಲಿ ಬೇರೇನೋ ಹುಡುಕುವಾಗ ಆ ಕೈಗಡಿಯಾರ ಡಬ್ಬಿ ಸಮೇತ ಸಿಕ್ಕಿತು. ಗಾಜಿನ ಮೇಲಿನ ತೆಳು ಪ್ಲಾಸ್ಟಿಕ್ ಕೂಡ ಕಿತ್ತಿರಲಿಲ್ಲ. ಹಿಂದಿನ ಹಬ್ಬಕ್ಕೆ ಅಮ್ಮನಿಗೆ ನಾನೇ ಕೊಟ್ಟಿದ್ದು. ಆ ಸಲ ಮನೆಯವರಿಗೆಲ್ಲ ಕೊಟ್ಟ ಉಡುಗೊರೆಗಳಲ್ಲಿ ಅದೇ ಎಲ್ಲಕ್ಕಿಂತ ದುಬಾರಿ.

"ಯಾಕಮ್ಮ, ಕಟ್ಟಿಕೊಳ್ಳಲ್ವಾ?"

"ಚೆನ್ನಾಗಿದೆ ಕಣೇ. ಎಲ್ಲಾದರೂ ಹೋಗುವಾಗ ಕಟ್ಟಿಕೊಳ್ತೀನಿ."

ಒಂದ್ಸಲ ಕಟ್ಟಿ ತೋರಿಸು ಅಂದೆ. ಅವಳ ಬೆರಳಿನ ಗಂಟುಗಳು ಊದಿದ್ದವು. ಬಕಲ್‌ನ ಸಣ್ಣ ಕಡ್ಡಿಯನ್ನು ತೂತಿಗೆ ಸೇರಿಸಲು ಮೂರು ಸಲ ನೋಡಿದಳು. ಆಮೇಲೆ ಗಡಿಯಾರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಡಬ್ಬಿಗಳ ಮುಚ್ಚಳ ತೆಗೆದುಕೊಡು ಅಂತ ವರ್ಷವಿಡೀ ನನ್ನನ್ನೇ ಕರೆಯುತ್ತಿದ್ದವಳು ಅವಳು. ಗಡಿಯಾರ ಕೊಳ್ಳುವಾಗ ಆ ಕೈ ನನಗೆ ನೆನಪಾಗಲೇ ಇಲ್ಲ.

ಬಕಲ್ ಬೇಡದ, ಹಿಗ್ಗುವ ಸ್ಟೀಲ್ ಪಟ್ಟಿ ಹಾಕಿಸಿ ತಂದೆ. ಖರ್ಚು ಹೆಚ್ಚೇನಿಲ್ಲ. ಅವತ್ತಿನಿಂದ ಅಮ್ಮ ಅದನ್ನು ದಿನಾ ಕಟ್ಟುತ್ತಾಳೆ.

ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. 2009ರಲ್ಲಿ ಅಮೆರಿಕದ ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯಲ್ ಆಡಮ್ಸ್ ಪ್ರಕಟಿಸಿದ್ದು. ಬೆಲೆ ಜಾಸ್ತಿಯಾದಷ್ಟೂ ಮೆಚ್ಚುಗೆ ಜಾಸ್ತಿ ಅಂತ ಕೊಡುವವರು ಅಂದುಕೊಂಡಿದ್ದರಂತೆ. ಪಡೆದವರ ಮೆಚ್ಚುಗೆಗೂ ಬೆಲೆಗೂ ಅಂಥ ಸಂಬಂಧವೇ ಕಾಣಲಿಲ್ಲವಂತೆ. ಓದುವಾಗ ನನಗೆ ಆ ಬಕಲ್ಲೇ ಕಣ್ಣಮುಂದೆ ಬಂತು.

ಈಗ ನನ್ನ ಫೋನಿನಲ್ಲಿ ಒಂದು ಪಟ್ಟಿ ಇದೆ. ಮನೆಯ ಒಬ್ಬೊಬ್ಬರ ಹೆಸರು, ಅದರ ಕೆಳಗೆ ಅವರು ಮಾತಿನ ನಡುವೆ ಅಂದದ್ದು. 'ರಾತ್ರಿ ಓದುವಾಗ ಬೆಳಕು ಸಾಲಲ್ಲ.' 'ಆ ಹಳೇ ಫೋಟೋ ಎಲ್ಲಿ ಹೋಯ್ತೋ.' ಕೇಳಿದ ದಿನವೇ ಅವರ ಮಾತಿನಲ್ಲೇ ಬರೆದಿಡುತ್ತೇನೆ. ನಾಳೆ ಬರೆದರಾಯ್ತು ಅಂದರೆ ಮರೆತೇ ಹೋಗುತ್ತದೆ. ಹಬ್ಬದ ಹಿಂದಿನ ವಾರ ಅವಸರದಲ್ಲಿ ಯೋಚಿಸಿದರೆ ಏನೂ ಹೊಳೆಯಲ್ಲ, ಆಗಲೇ ಕೈ ದುಬಾರಿ ವಸ್ತುವಿನ ಕಡೆ ಹೋಗೋದು.

ಕೈಯಾರೆ ಮಾಡಿದ್ದಾದರೆ ಸಾಕು ಅಂತಲೂ ಅಲ್ಲ. ಭಾವನಿಗೆ ಒಂದು ತಿಂಗಳು ಕೂತು ಚಿತ್ರ ಬಿಡಿಸಿಕೊಟ್ಟೆ. ಅವರು ಕೇಳಿದ್ದು ಒಂದು ಒಳ್ಳೆ ಟಾರ್ಚ್. ನೇರವಾಗಿ ಕೇಳಿದ್ದನ್ನೇ ಕೊಡುವುದು ಸಪ್ಪೆ ಅನ್ನಿಸಿತ್ತು ನನಗೆ. ಆದರೆ ಕೇಳಿದ್ದನ್ನೇ ಕೊಟ್ಟಾಗ ಪಡೆದವರು ಹೆಚ್ಚು ಮೆಚ್ಚುತ್ತಾರೆ ಅಂತ 2011ರಲ್ಲಿ ಫ್ರಾನ್ಸೆಸ್ಕಾ ಜಿನೋ ಜೊತೆ ಫ್ಲಿನ್ ಅವರೇ ಇನ್ನೊಂದು ಅಧ್ಯಯನದಲ್ಲಿ ತೋರಿಸಿದ್ದಾರೆ. ಮುಂದಿನ ಸಲ ಟಾರ್ಚೇ ಕೊಟ್ಟೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಮನೆಯವರ ಜೊತೆ ದುಡ್ಡಿನ ಮಾತು. ಅಕ್ಕನಿಗೆ ಕೆಲಸ ಹೋಗಿದ್ದ ವರ್ಷ ಅವಳು ಹಬ್ಬಕ್ಕೆ ಬರಲಿಲ್ಲ, ಮೈ ಹುಷಾರಿಲ್ಲ ಅಂದಳು. ಎಷ್ಟೋ ತಿಂಗಳಾದ ಮೇಲೆ ನಿಜ ಹೇಳಿದಳು: "ನೀವೆಲ್ಲ ಅಷ್ಟು ಕೊಡುವಾಗ ನಾನು ಬರಿಗೈಲಿ ಹೇಗೆ ಬರಲಿ?" ನಾವು ಪ್ರೀತಿಯಿಂದಲೇ ಕೊಟ್ಟಿದ್ದೆವು, ಅವಳಿಗೆ ಅದು ತೀರಿಸಬೇಕಾದ ಸಾಲದ ಹಾಗೆ ಕಂಡಿತ್ತು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ಹಬ್ಬಕ್ಕೆ ಎರಡು ತಿಂಗಳಿರುವಾಗಲೇ ಎಲ್ಲರೂ ಕೂತು ಒಂದು ಮಿತಿ ಗೊತ್ತುಮಾಡಿಕೊಂಡೆವು. ಮೊತ್ತ ಎಷ್ಟಿರಬೇಕು ಅಂತ ಅಕ್ಕನನ್ನೇ ಮೊದಲು ಕೇಳಿದೆವು.

ತಮ್ಮ ಮಾತ್ರ ಒಪ್ಪುವುದಕ್ಕೆ ಹಿಂದೆಮುಂದೆ ನೋಡಿದ. ಅವನು ದೂರದಲ್ಲಿದ್ದಾನೆ, ದೊಡ್ಡದೇನಾದರೂ ಕೊಟ್ಟರೇ ಅವನಿಗೆ ಸಮಾಧಾನ. ಈ ವರ್ಷದ ಪಟ್ಟಿಯಲ್ಲಿ ಅವನ ಹೆಸರಿನ ಕೆಳಗೆ ಇನ್ನೂ ಏನೂ ಬರೆದಿಲ್ಲ. ಮಾತಾಡಿಯೇ ಎಷ್ಟು ದಿನವಾಯಿತು! ಇವತ್ತು ರಾತ್ರಿ ಫೋನ್ ಮಾಡುತ್ತೇನೆ.