ತೋಳ ಜಾಸ್ತಿ ಆದ್ರೆ ಮೊದ್ಲು ಎಣಿಸಿ, ಆಮೇಲೆ ಟ್ರ್ಯಾಪ್ ಇಡಿ

ಶುರು ಮಾಡೋಕೆ ಮುಂಚೆ ಒಂದು ಮಾತು. ಇದು ಅಮೆರಿಕದ ಮೊಂಟಾನಾ, ಐಡಹೋ, ವಯೋಮಿಂಗ್ ಕಡೆ ಕಾನೂನು ಪ್ರಕಾರ ಮಾಡೋ ಕೆಲಸದ ಬಗ್ಗೆ. ಇಂಡಿಯಾದಲ್ಲಿ ತೋಳ 1972ರ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಅಲ್ಲಿ ಉರುಳು ಹಾಕಿದ್ರೆ ಜೈಲೇ ಗತಿ, ಇದನ್ನ ಓದ್ಬಿಟ್ಟು ಊರಲ್ಲಿ ಟ್ರೈ ಮಾಡಕ್ಕೆ ಹೋಗ್ಬೇಡಿ. ನಾನಿರೋದು ಪಶ್ಚಿಮ ಮೊಂಟಾನಾದಲ್ಲಿ, ಪಕ್ಕದ ರ‍್ಯಾಂಚಲ್ಲಿ ಎಪ್ಪತ್ತು ದಾಟಿದ ಒಬ್ರು ಇದಾರೆ, ನಾನು ಮನಸ್ಸಲ್ಲೇ ಅಜ್ಜ ಅಂತೀನಿ, ಅವರ ಹಿಂದೆ ಕೆಲವು ಚಳಿಗಾಲ ಸಾಲಾಗಿ ಟ್ರ್ಯಾಪ್ ಇಟ್ಟಿರೋ ದಾರಿ, ಅಂದ್ರೆ ಟ್ರ್ಯಾಪ್‌ಲೈನ್ ಸುತ್ತಿ ಕಲಿತಿದ್ದು ಇದು.

ಮೊದಲು ಹಿನ್ನೆಲೆ ಗೊತ್ತಿರ್ಲಿ, ಇಲ್ಲಾಂದ್ರೆ ಬರೀ ಕೊಲ್ಲೋ ಕೆಲಸ ಅನ್ಸತ್ತೆ. 1995, 96ರಲ್ಲಿ ಕೆನಡಾದಿಂದ 66 ತೋಳ ಹಿಡ್ಕೊಂಡು ಬಂದು 31ನ್ನ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಲ್ಲಿ, 35ನ್ನ ಐಡಹೋ ಮಧ್ಯದ ಕಾಡಲ್ಲಿ ಬಿಟ್ರು. ಮೂರೂ ರಾಜ್ಯ ಸೇರಿ 300 ತೋಳ, 30 ಮರಿ ಹಾಕೋ ಜೋಡಿ ಆಗ್ಬೇಕು ಅನ್ನೋದು ಗುರಿ, ಅದು 2002ಕ್ಕೇ ಮುಟ್ಟಿಬಿಡ್ತು. ಆಮೇಲೆ ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಎಳೆದಾಡಿ 2011ರಲ್ಲಿ ಅಮೆರಿಕದ ಸಂಸತ್ತು ಕಾಂಗ್ರೆಸ್ಸೇ ಮೊಂಟಾನಾ, ಐಡಹೋ ತೋಳಗಳನ್ನ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ, ರಕ್ಷಣೆ ಪಟ್ಟಿಯಿಂದ ತೆಗೆದು ರಾಜ್ಯಗಳ ಕೈಗೆ ಕೊಡ್ತು. ಈಗ ಮೊಂಟಾನಾದಲ್ಲೇ ಸುಮಾರು 1,100 ಇದಾವೆ, ಐಡಹೋದಲ್ಲಿ 2020ರ ಸುಮಾರಿಗೆ 1,500 ದಾಟಿತ್ತು. ಕೆಳಗಿನ ಮಿತಿ ಅಂತಾನೂ ಒಂದಿದೆ, ಪ್ರತಿ ರಾಜ್ಯ 150 ತೋಳ, 15 ಜೋಡಿ ಇಟ್ಕೋಬೇಕು, ಅದಕ್ಕಿಂತ ಇಳೀತಾ ಹೋದ್ರೆ ಫೆಡರಲ್‌ನೋರು ಮತ್ತೆ ಬಂದು ಕೂತ್ಕೋತಾರೆ. ಅಂದ್ರೆ ನಮಗಿರೋದು ಆ ಮಿತಿಗೂ, ದನ, ಕುರಿ, ಎಲ್ಕ್ (ಇಲ್ಲಿನ ದೊಡ್ಡ ಜಾತಿ ಜಿಂಕೆ) ಕಳ್ಕೊಂಡು ಜನ ರೊಚ್ಚಿಗೇಳೋ ನಂಬರಿಗೂ ನಡುವಿನ ಜಾಗ ಅಷ್ಟೇ.

ಆ ನಡುವೆ ಇರ್ಬೇಕು ಅಂದ್ರೆ ಎಣಿಕೆ ಬೇಕು. ತೋಳನ ಸಾಲಾಗಿ ನಿಲ್ಸಿ ಎಣ್ಸಕ್ಕಾಗತ್ತಾ? ಇಲ್ಲ. ಐಡಹೋದವರು 2020ರ ಸುಮಾರಿಗೆ ಬೇಸಿಗೆಲಿ ಕಾಡ ತುಂಬ ನೂರಾರು ಕ್ಯಾಮೆರಾ ಕಟ್ಟಿ ಫೋಟೋ ಲೆಕ್ಕದ ಮೇಲೆ ಅಂದಾಜು ಮಾಡ್ತಿದ್ರು. ಮೊಂಟಾನಾದವರು ಜಿಂಕೆ, ಎಲ್ಕ್ ಬೇಟೆಗೆ ಹೋದವರಿಗೆ ಸಾವಿರಗಟ್ಟಲೆ ಫೋನ್ ಮಾಡಿ ತೋಳ ಕಂಡ್ರಾ, ಎಲ್ಲಿ, ಎಷ್ಟಿದ್ವು ಅಂತ ಕೇಳಿ, ಅದಕ್ಕೆ ಹಿಂಡಿನ ಸೈಜು, ಒಂದು ಹಿಂಡಿಗೆ ಎಷ್ಟು ಜಾಗ ಬೇಕು ಅನ್ನೋ ಲೆಕ್ಕ ಸೇರಿಸ್ತಾರೆ. ಆ ಫೋನ್ ನಿಮಗೆ ಬಂದ್ರೆ ದಯವಿಟ್ಟು ಸರಿಯಾಗಿ ಉತ್ತರ ಕೊಡಿ, ಕಂಡಿದ್ದು ಎರಡಾದ್ರೆ ಎರಡು ಅನ್ನಿ, ಹತ್ತು ಅನ್ಬೇಡಿ. ಕಾಫಿ ಅಂಗಡಿಲಿ ಕೂತು ಸರ್ಕಾರದ ಲೆಕ್ಕ ಸುಳ್ಳು ಅಂತ ಬೈಯೋರೇ ಆ ಫೋನ್ ಎತ್ತದೆ ಕಟ್ ಮಾಡೋದು ನೋಡಿದೀನಿ.

ಇನ್ನು ಲೆಕ್ಕದ ಒಳಗುಟ್ಟು. ತೋಳ ಫೆಬ್ರವರಿಲಿ ಕೂಡತ್ತೆ, 63 ದಿನಕ್ಕೆ, ಅಂದ್ರೆ ಏಪ್ರಿಲ್ ನಡುವೆ ಮರಿ, ಸಾಮಾನ್ಯವಾಗಿ ನಾಲ್ಕರಿಂದ ಆರು. ಒಂದು ಹಿಂಡಲ್ಲಿ ಹೆಚ್ಚಾಗಿ ಒಂದೇ ಜೋಡಿ ಮರಿ ಹಾಕೋದು, ಉಳಿದವು ಅವುಗಳ ಮಕ್ಕಳು, ಎರಡು ಮೂರು ವರ್ಷ ಆಗೋದ್ರೊಳಗೆ ಬಹುಪಾಲು ಹಿಂಡು ಬಿಟ್ಟು ಬೇರೆ ಜಾಗ ಹುಡುಕ್ಕೊಂಡು ಹೋಗ್ತವೆ. ಹಂಗಾಗಿ ಜನ ವರ್ಷಕ್ಕೆ ನೂರಕ್ಕೆ ಮೂವತ್ತರ ಹತ್ರ ತೆಗೆದ್ರೂ ಸಂಖ್ಯೆ ಹೆಚ್ಚುಕಮ್ಮಿ ಅಲ್ಲೇ ನಿಲ್ಲತ್ತೆ ಅನ್ನೋದು ತೋಳದ ಬಯಾಲಜಿಸ್ಟ್‌ಗಳು ಸಾಮಾನ್ಯವಾಗಿ ಹಿಡಿಯೋ ಅಂದಾಜು, ಅದಕ್ಕಿಂತ ಕಮ್ಮಿ ತೆಗೆದ್ರೆ ಬೆಳೀತಾನೇ ಇರತ್ತೆ, ಜಾಸ್ತಿ ತೆಗೆದ್ರೆ ಇಳಿಯತ್ತೆ. ಇನ್ನೊಂದು, ಮರಿ ಹಾಕೋ ಜೋಡಿಲಿ ಒಂದು ಸತ್ರೆ ಕೆಲವು ಸಲ ಹಿಂಡೇ ಒಡೆದು ಹೋಗತ್ತೆ, ಅದರಲ್ಲೂ ಸಣ್ಣ ಹಿಂಡಾದ್ರೆ. ಐದು ಹೊಡೆದ್ವಿ ಅನ್ನೋದಷ್ಟೇ ಲೆಕ್ಕಕ್ಕಿಲ್ಲ, ಯಾವ ಐದು, ಯಾವ ತಿಂಗಳಲ್ಲಿ, ಯಾವ ಕಣಿವೆಲಿ ಅನ್ನೋದೂ ಸೇರ್ಬೇಕು.

ಇದನ್ನ ಮರೆತ್ರೆ ಏನಾಗತ್ತೆ ಅನ್ನೋಕೆ ವಿಸ್ಕಾನ್ಸಿನ್ ರಾಜ್ಯ ನೋಡಿ. 2021ರ ಫೆಬ್ರವರಿಲಿ ಅಲ್ಲಿ ಸೀಸನ್ ತೆಗೆದ್ರು, ಲೈಸೆನ್ಸ್ ಇರೋ ಬೇಟೆಗಾರರ ಕೋಟಾ 119. ಮೂರು ದಿನ ತುಂಬೋ ಮೊದ್ಲೇ 218 ಉರುಳಿದ್ವು. ನಾಯಿ ಬಿಟ್ಟು ಹಿಂಬಾಲಿಸೋಕೆ ಪರ್ಮಿಶನ್ ಇತ್ತು, ಹೊಸ ಹಿಮ ಬಿದ್ದು ಹೆಜ್ಜೆ ಕಣ್ಣಿಗೆ ಹೊಡೆಯೋ ಹಂಗಿತ್ತು, ಹೊಡೆದೋರು ರಿಪೋರ್ಟ್ ಮಾಡೋಕೆ 24 ಗಂಟೆ ಟೈಮು, ಇಲಾಖೆ ಸೀಸನ್ ಮುಚ್ಚೋಕೆ ಇನ್ನೊಂದು 24 ಗಂಟೆ ನೋಟೀಸು ಕೊಡ್ಬೇಕು. ಆ ಎರಡು ಗ್ಯಾಪಲ್ಲೇ ಕೋಟಾ ಹೊಳೆ ಪಾಲಾಯ್ತು. ಮುಂದಿನ ವರ್ಷ ಫೆಬ್ರವರಿಲಿ ಕೋರ್ಟು ಆ ಕಡೆಯ ತೋಳಗಳನ್ನ ಮತ್ತೆ ರಕ್ಷಣೆ ಪಟ್ಟಿಗೆ ಹಾಕ್ತು, ಅಲ್ಲಿಗೆ ಬೇಟೆ ಬಂದ್. ಕೋರ್ಟಿನ ಕಾರಣ ಬೇರೆ ಇತ್ತು ಬಿಡಿ, ಆದ್ರೆ ಆ ಮೂರು ದಿನನ ಇವತ್ತಿಗೂ ಎತ್ತಾಡ್ತಾರೆ. ನಮ್ಮ ಕಡೆನೂ ಕಮ್ಮಿ ಇಲ್ಲ, 2021-22ರ ಚಳಿಗಾಲ ಯೆಲ್ಲೋಸ್ಟೋನ್ ಗಡಿ ಪಕ್ಕದ ಮಿತಿ ತೆಗೆದುಹಾಕಿದ್ರು, ಪಾರ್ಕ್ ಹಿಂಡುಗಳ 20ಕ್ಕೂ ಹೆಚ್ಚು ತೋಳ ಹೊರಗೆ ಕಾಲಿಟ್ಟು ಸತ್ತವು, ದೊಡ್ಡ ಗಲಾಟೆ ಆಗಿ ಮತ್ತೆ ಅಲ್ಲಿ ಕೋಟಾ ಬಂತು.

ಸರಿ, ಈಗ ಕೆಲಸಕ್ಕೆ ಬರೋಣ. ಬೇಟೆಗೆ ಲೈಸೆನ್ಸ್ ಬೇಕು, ಟ್ರ್ಯಾಪ್ ಇಡೋದಾದ್ರೆ ಮೊಂಟಾನಾ, ಐಡಹೋ ಎರಡರಲ್ಲೂ ತೋಳದ ಟ್ರ್ಯಾಪಿಂಗ್ ಕ್ಲಾಸ್ ಕಡ್ಡಾಯ. ವಯೋಮಿಂಗಲ್ಲಿ ವಿಚಿತ್ರ, ವಾಯವ್ಯ ಮೂಲೆಲಿ ಲೈಸೆನ್ಸು ಕೋಟಾ ಎಲ್ಲ ಇದೆ, ರಾಜ್ಯದ ಹೆಚ್ಚಿನ ಭಾಗದಲ್ಲಿ ಅದನ್ನ ಪ್ರಿಡೇಟರ್ ಅಂತ ಬರೆದು ಲೈಸೆನ್ಸೇ ಬೇಡ ಅಂದಿದಾರೆ. ತಾರೀಖು, ಒಬ್ಬರಿಗೆ ಎಷ್ಟು, ರಸ್ತೆಯಿಂದ ಎಷ್ಟು ದೂರ, ಇದೆಲ್ಲ ವರ್ಷ ವರ್ಷ ಬದಲಾಗತ್ತೆ, ಗ್ರಿಜ್ಲಿ ಕರಡಿ ಓಡಾಡೋ ಕಡೆ ಕೋರ್ಟ್ ಬೇರೆ ಟ್ರ್ಯಾಪ್ ದಿನಗಳನ್ನ ಕರಡಿ ಮಲಗಿರೋ ಟೈಮಿಗೆ ಇಳಿಸಿದೆ, ಆದ್ರಿಂದ ಆ ವರ್ಷದ ರೂಲ್ಸ್ ಪುಸ್ತಕ ಓದದೆ ಗಾಡಿ ಹತ್ಬೇಡಿ. ಹೋದ ವರ್ಷದ ಪುಸ್ತಕ ಒಲೆ ಹಚ್ಚೋಕೆ ಮಾತ್ರ ಲಾಯಕ್ಕು.

ಬಂದೂಕು ಹಿಡ್ಕೊಂಡು ತೋಳ ಹೊಡೀತೀನಿ ಅಂತ ಹೊರಡೋರು ಬಹುತೇಕ ಬರಿಗೈಲಿ ವಾಪಸ್. 2009ರಲ್ಲಿ ಐಡಹೋದ ಮೊದಲ ಸೀಸನ್, ಕೋಟಾ 220, ಸೀಸನ್ನ ಮಾರ್ಚ್ ಕೊನೆವರೆಗೂ ಎಳೆದ್ರೂ ತುಂಬ್ಲಿಲ್ಲ. ಎಲ್ಕ್ ಬೇಟೆಗೆ ಹೋದಾಗ ಜೇಬಲ್ಲಿ ತೋಳ ಹೊಡೆಯೋ ಪರವಾನಗಿ ಟ್ಯಾಗ್ ಇಟ್ಕೊಂಡಿರೋದೇ ಜಾಣತನ, ಎಷ್ಟೋ ತೋಳ ಬೀಳೋದು ಹಾಗೆ ಅಚಾನಕ್ಕಾಗಿ. ಬೇಕಂತಲೇ ಹೋಗೋದಾದ್ರೆ ಬೆಳಗಿನ ಜಾವ ಒಂದು ಗುಡ್ಡದ ಮೇಲೆ ನಿಂತು ಒಂದೇ ಸಲ ಊಳಿಟ್ಟು ಕಿವಿ ಕೊಡಿ, ಉತ್ತರ ಬಂದ್ರೆ ಸುಮ್ನಾಗಿ, ಮತ್ತೆ ಮತ್ತೆ ಊಳಿಟ್ರೆ ಪಕ್ಕದ ಹಿಂಡಿನವರು ಜಗಳಕ್ಕೆ ಬಂದಿದಾರೆ ಅಂದ್ಕೊಂಡು ಕೆಲವು ಸಲ ಜಾಗನೇ ಖಾಲಿ ಮಾಡ್ತವೆ. ಹತ್ರ ಹೋದ್ಮೇಲೆ ಗಾಳಿ ನೋಡ್ಕೊಳಿ. ತೋಳ ನೇರ ಬರಲ್ಲ, ಸುತ್ತು ಹಾಕಿ ನಿಮ್ಮ ಗಾಳಿ ಬೀಸೋ ಕಡೆಗೇ ಬಂದು ಮೂಸತ್ತೆ, ಆ ಕಡೆ ಬಯಲು ಇರೋ ಹಂಗೆ ಕೂತ್ಕೊಂಡ್ರೆ ಅದು ಮೂಸೋಕೆ ಮುಂಚೆ ನಿಮ್ಮ ಕಣ್ಣಿಗೆ ಬೀಳತ್ತೆ. ಚಳಿಗಾಲದ ಕೂದಲು ದಪ್ಪ, ರಕ್ತ ಅದರೊಳಗೇ ಹೀರ್ಕೊಂಡು ನೆಲಕ್ಕೆ ಬೀಳದೇ ಇರಬಹುದು, ಗುಂಡು ತಗುಲಿಲ್ಲ ಅಂತ ಬೇಗ ತೀರ್ಮಾನ ಮಾಡ್ಬೇಡಿ, ಹೆಜ್ಜೆ ಹಿಡಿದು ಹೋಗಿ ನೋಡಿ.

ಟ್ರ್ಯಾಪ್ ವಿಷಯ ಬೇರೆ. ಇಲ್ಲಿ ತಾಳ್ಮೆ ಇರೋರದ್ದೇ ರಾಜ್ಯ.

ಮೊದ್ಲು ಹೆಜ್ಜೆ ಗುರುತು ಓದೋದು ಕಲೀರಿ. ತೋಳದ ಹೆಜ್ಜೆ ದೊಡ್ಡ ಗಂಡಸಿನ ಅಂಗೈ ಅಷ್ಟಿರತ್ತೆ, ಉದ್ದ ಹತ್ತು ಸೆಂಟಿಮೀಟರ್ ಮೇಲೆ, ಕಯೋಟಿದು (ತೋಳದ ಚಿಕ್ಕ ಸಂಬಂಧಿ) ಅದರಲ್ಲಿ ಮುಕ್ಕಾಲೂ ಬರಲ್ಲ. ಸಾಕಿದ ನಾಯಿ ಅಲ್ಲಿ ಇಲ್ಲಿ ಮೂಸ್ತಾ ಸೊಟ್ಟಪಟ್ಟ ಹೋಗತ್ತೆ, ತೋಳ ಕೆಲಸಕ್ಕೆ ಲೇಟಾದವರ ಹಾಗೆ ಒಂದೇ ಗೆರೆಲಿ, ಮುಂಗಾಲಿಟ್ಟ ಜಾಗಕ್ಕೇ ಹಿಂಗಾಲು ಇಟ್ಕೊಂಡು, ಆರು ತೋಳ ಹೋಗಿದ್ರೂ ಒಂದೇ ಹೋದ ಹಂಗೆ ಕಾಣತ್ತೆ. ಎಲ್ಲಿ ತಿರುವಲ್ಲಿ ಚದುರ್ತವೋ ಅಲ್ಲಿ ಎಣಿಸಿ. ಮಲದಲ್ಲಿ ಕೂದಲು, ಮೂಳೆ ಚೂರು ಇರತ್ತೆ, ಅದನ್ನ ಬರಿಗೈಲಿ ಒಡೀಬೇಡಿ, ಹುಳದ ಮೊಟ್ಟೆ ಇರತ್ತೆ, ಮನುಷ್ಯನ ಲಿವರಿಗೆ ಹೋಗಿ ಕೂರೋ ಜಾತಿ. ಮರ ಸಾಗಿಸೋ ಹಳೇ ಲಾಗಿಂಗ್ ರಸ್ತೆ ಎರಡು ಸೇರೋ ಜಾಗ, ಬೆಟ್ಟದ ಸಂದು, ಹೊಳೆ ದಾಟೋ ಕಡೆ, ಅಲ್ಲಿ ಒಂದು ಮೋಟು ಗಿಡ ಅಥವಾ ಹುಲ್ಲು ಗಡ್ಡೆ ಇದ್ರೆ ಅವು ತಪ್ಪದೆ ಕಾಲೆತ್ತಿ ಗುರುತು ಮಾಡ್ತವೆ. ಅದೇ ನಿಮ್ಮ ಜಾಗ.

ಮನೆಲಿ ಟ್ರ್ಯಾಪ್ ರೆಡಿ ಮಾಡೋದೇ ಅರ್ಧ ಕೆಲಸ. ತೋಳಕ್ಕೆ ಕಾಲು ಹಿಡಿಯೋ ದೊಡ್ಡ ಟ್ರ್ಯಾಪ್ ಬೇಕು, ದವಡೆ ಎರಡೂ ಪೂರ್ತಿ ಕೂಡದೆ ಸ್ವಲ್ಪ ಗ್ಯಾಪ್ ಇರೋದು ತಗೊಳಿ, ಮೂಳೆ ಮುರಿಯೋ ಚಾನ್ಸ್ ಕಮ್ಮಿ. ಚೈನಲ್ಲಿ ಎರಡು ಮೂರು ಕಡೆ ಸ್ವಿವೆಲ್, ಅಂದ್ರೆ ತಿರುಗೋ ಕೊಂಡಿ, ಇರ್ಲಿ, ತಿರುಚ್ಕೊಂಡಾಗ ಕಾಲಿಗೆ ಪೆಟ್ಟಾಗಲ್ಲ. ಮಧ್ಯದಲ್ಲಿ ಕಾಲು ಬೀಳೋ ತಟ್ಟೆ, ಪ್ಯಾನ್ ಅಂತಾರೆ, ಅದು ನಾಲ್ಕೈದು ಕೆಜಿ ಭಾರ ಬಿದ್ರೆ ಮಾತ್ರ ಬೀಳೋ ಹಂಗೆ ಟೈಟ್ ಮಾಡಿ, ಆಗ ನರಿ, ಮೊಲ, ಮಾರ್ಟನ್ (ಮುಂಗುಸಿ ಸೈಜಿನ ಪ್ರಾಣಿ) ಹತ್ತಿ ಹೋದ್ರೂ ಏನೂ ಆಗಲ್ಲ. ಆಮೇಲೆ ಕುದಿಸಿ ಎಣ್ಣೆ ಜಿಡ್ಡು ತೆಗೆದು, ಲಾಗ್‌ವುಡ್ ಅನ್ನೋ ಮರದ ಬಣ್ಣದಲ್ಲಿ ಕುದಿಸಿ, ಕೊನೆಗೆ ಮೇಣದಲ್ಲಿ ಅದ್ದಿ ಒಣಗಿಸಿ. ಅಲ್ಲಿಂದ ಮುಂದೆ ಬರಿಗೈಲಿ ಮುಟ್ಟಂಗಿಲ್ಲ.

ನಾನು ಮೊದಲ ವರ್ಷ ಇದನ್ನೇ ಹಾಳು ಮಾಡಿದ್ದು. ಕೈಗೆ ಗ್ಲೌಸ್ ಇತ್ತು, ಆದ್ರೆ ಅದೇ ಗ್ಲೌಸಲ್ಲಿ ಬೆಳಿಗ್ಗೆ ಸ್ನೋಮೊಬೈಲಿಗೆ ಪೆಟ್ರೋಲ್ ಹಾಕಿದ್ದೆ. ಎರಡು ದಿನ ಬಿಟ್ಟು ಹೋಗಿ ನೋಡಿದ್ರೆ ಐದು ತೋಳದ ಹೆಜ್ಜೆ ಸೀದಾ ಬಂದು, ಟ್ರ್ಯಾಪಿಗೆ ಎರಡು ಅಡಿ ದೂರದಲ್ಲಿ ಅರ್ಧ ಚಂದ್ರದ ಹಾಗೆ ಸುತ್ತಿ, ಮುಂದೆ ಹೋಗಿದ್ವು. ಒಂದಂತೂ ಪಕ್ಕದಲ್ಲೇ ಕೆರೆದು ಉಚ್ಚೆ ಹೊಯ್ದು ಹೋಗಿತ್ತು. ಅಜ್ಜ ಮೊಣಕಾಲೂರಿ ನನ್ನ ಗ್ಲೌಸ್ ಮೂಸಿ, ಏನೂ ಮಾತಾಡದೆ ಟ್ರ್ಯಾಪ್ ಕಿತ್ತು ಬ್ಯಾಗಿಗೆ ಹಾಕೊಂಡ್ರು. ಆ ತಿರುವಲ್ಲಿ ಆ ಸೀಸನ್ ಪೂರ್ತಿ ಮತ್ತೆ ಇಡ್ಲೇ ಇಲ್ಲ.

ಇಡೋ ರೀತಿ ಹೀಗೆ. ಮೋಟು ಗಿಡದಿಂದ ಸುಮಾರು ಮುಕ್ಕಾಲು ಅಡಿ ಈಚೆಗೆ, ಒಂದು ಗೋಣಿ ಬಟ್ಟೆ ಹಾಸಿ ಅದರ ಮೇಲೆ ಮೊಣಕಾಲೂರಿ, ಟ್ರ್ಯಾಪ್ ಸೈಜಿಗೆ ಗುಣಿ ತೋಡಿ, ಮಣ್ಣು ಬಟ್ಟೆ ಮೇಲೇ ಬೀಳ್ಲಿ. ಟ್ರ್ಯಾಪ್ ಕೂರಿಸಿ ನಾಲ್ಕೂ ಮೂಲೆ ಒತ್ತಿ ನೋಡಿ, ಎಲ್ಲಾದ್ರೂ ಅಲ್ಲಾಡಿದ್ರೆ ತೋಳಕ್ಕೆ ಕಾಲಡಿ ಗೊತ್ತಾಗತ್ತೆ, ಅಲ್ಲೇ ತೋಡಿ ಎತ್ತಿಬಿಡತ್ತೆ. ಪ್ಯಾನ್ ಕೆಳಗೆ ಮಣ್ಣು ತುಂಬ್ಕೊಳ್ದೆ ಇರೋಕೆ ಮೇಲೆ ಒಂದು ತುಂಡು ಹೊದಿಕೆ, ಅದರ ಮೇಲೆ ಜರಡಿ ಹಿಡಿದ ಒಣ ಮಣ್ಣು. ಚಳಿಲಿ ಸಾದಾ ಮಣ್ಣು ಕಲ್ಲಾಗಿ ಟ್ರ್ಯಾಪ್ ಬೀಳೋದೇ ಇಲ್ಲ, ಅದಕ್ಕೆ ಬೇಸಿಗೆಲೇ ಒಣ ಮಣ್ಣಿಗೆ ಕರಗಿಸಿದ ಮೇಣ ಕಲಸಿ ಬಕೆಟ್ಟಲ್ಲಿ ತುಂಬಿ ಇಟ್ಕೋಬೇಕು, ಅದು ಹೆಪ್ಪುಗಟ್ಟಲ್ಲ. ಗಿಡದ ಮೇಲೆ ನಾಲ್ಕು ಹನಿ ತೋಳದ ಉಚ್ಚೆ, ಅಷ್ಟೇ, ಬಾಟ್ಲಿ ಸುರೀಬೇಡಿ. ಮಿಕ್ಕ ಮಣ್ಣನ್ನ ಬಟ್ಟೆ ಸಮೇತ ಎತ್ತಿ ದೂರ ಚೆಲ್ಲಿ, ಪೈನ್ ಕೊಂಬೆಲಿ ನಿಮ್ಮ ಹೆಜ್ಜೆ ಗುಡಿಸ್ಕೊಂಡು ಹಿಂದೆ ಸರೀರಿ.

ಉರುಳಿನ ಬಗ್ಗೆ ನನಗೆ ಮನಸ್ಸಿಲ್ಲ. 2021ರ ಮೇಲೆ ಮೊಂಟಾನಾದಲ್ಲೂ ಕಾನೂನು ಒಪ್ಪಿದೆ, ಹಿಮ ಬಿದ್ರೂ ಕೆಲಸ ಮಾಡತ್ತೆ, ಹಗುರ, ಎಲ್ಲಾ ನಿಜ, ಆದ್ರೆ ಕುತ್ತಿಗೆಗೆ ಬಿದ್ದಿದ್ದು ಪಕ್ಕದ ಮನೆ ನಾಯಿ ಆದ್ರೆ ಬಿಡಿಸೋಕೆ ಟೈಮೇ ಇರಲ್ಲ. ಹಾಕೋರು ಎಲ್ಕ್, ಜಿಂಕೆ ಎಳೆದ್ರೆ ಬಿಚ್ಕೊಳೋ ಕೊಂಡಿ ಇಲ್ಲದೆ ಹಾಕಲೇಬಾರ್ದು.

ಇಟ್ಟಮೇಲೆ ಹೋಗಿ ನೋಡೋದು. ಮೊಂಟಾನಾದಲ್ಲಿ 48 ಗಂಟೆಗೊಂದ್ಸಲ, ಐಡಹೋದಲ್ಲಿ 72. ನಾನು ದಿನಾ ಹೋಗು ಅಂತೀನಿ, ದಿನಾ ಹೋಗೋಕಾಗಲ್ಲ ಅಂದ್ರೆ ಟ್ರ್ಯಾಪ್ ಕಮ್ಮಿ ಇಡಿ. ಬಿರುಗಾಳಿ ಬರತ್ತೆ ಅಂತ ಗೊತ್ತಾದ್ರೆ ಮೊದ್ಲೇ ಎಲ್ಲ ಬೀಳಿಸಿ ಬನ್ನಿ. ದೂರದಿಂದ ಬೈನಾಕ್ಯುಲರಲ್ಲಿ ನೋಡೋದು ಅಭ್ಯಾಸ ಮಾಡ್ಕೊಳಿ, ದಿನಾ ಜಾಗದ ಮೇಲೇ ಓಡಾಡಿದ್ರೆ ವಾಸನೆ. ಲಿಂಕ್ಸ್ (ಒಂದು ಜಾತಿ ಕಾಡುಬೆಕ್ಕು) ಬಿದ್ರೆ ಬಿಡ್ಲೇಬೇಕು, ಇಲಾಖೆಗೂ ಹೇಳ್ಬೇಕು, ಅದಕ್ಕೆ ಕುಣಿಕೆ ಕೋಲು, ಒಂದು ಪ್ಲೈವುಡ್ ಹಲಗೆ ಗಾಡೀಲಿ ಯಾವಾಗ್ಲೂ ಇರ್ಲಿ, ಹಲಗೆ ಅಡ್ಡ ಹಿಡಿದು ಆ ಕಡೆ ಅದು ಕಾಣದಂಗೆ ಮಾಡಿ ಈ ಕಡೆ ಕಾಲಲ್ಲಿ ಸ್ಪ್ರಿಂಗ್ ಒತ್ತಿ ಬಿಡಿಸೋದು. ತೋಳ ಬಿದ್ದಿದ್ರೆ ಫೋಟೋ ಗೀಟೋ ಅಂತ ನಿಲ್ಬೇಡಿ. ಅದು ಹೆಚ್ಚಾಗಿ ಮೈ ಕುಗ್ಗಿಸಿ ತಲೆ ತಿರುಗಿಸ್ಕೊಂಡು ಕೂತಿರತ್ತೆ, ಒಂದೇ ಗುಂಡು, ತಲೆಗೆ, ಹತ್ರದಿಂದ, ಮುಗಿಸಿಬಿಡಿ.

ಆಮೇಲೆ ರಿಪೋರ್ಟ್. ಮೊಂಟಾನಾದಲ್ಲಿ 24 ಗಂಟೆ ಒಳಗೆ, ಆದ್ರೆ ನಾನು ಸಿಗ್ನಲ್ ಸಿಕ್ಕ ಮೊದಲ ಗುಡ್ಡದ ಮೇಲೇ ಗಾಡಿ ನಿಲ್ಸಿ ಮಾಡ್ತೀನಿ, ವಿಸ್ಕಾನ್ಸಿನ್ ಕಥೆ ಆದ್ಮೇಲಿಂದ ಇದೊಂದು ಹಠ. ಹತ್ತು ದಿನದೊಳಗೆ ಚರ್ಮ, ತಲೆಬುರುಡೆ ಎರಡೂ ಇಲಾಖೆಗೆ ತಗೊಂಡು ಹೋಗ್ಬೇಕು, ಬಾಯಿ ಹೆಪ್ಪುಗಟ್ಟಿದ್ರೆ ಹಲ್ಲು ಕೀಳಕ್ಕಾಗಲ್ಲ, ಮಂಜು ಬಿಡಿಸ್ಕೊಂಡು ಹೋಗಿ. ಅವರು ಒಂದು ಸಣ್ಣ ಹಲ್ಲು ಕಿತ್ತು ವಯಸ್ಸು ನೋಡೋಕೆ ಕಳಿಸ್ತಾರೆ, ಮರದ ಉಂಗುರದ ಹಾಗೆ ಹಲ್ಲಲ್ಲೂ ವರ್ಷದ ಗೆರೆ ಇರತ್ತೆ. ಉತ್ತರ ಬರೋಕೆ ತಿಂಗಳುಗಟ್ಟಲೆ ಆಗತ್ತೆ. ನನ್ನ ಮೊದಲನೇದು ಮೂತಿ ಬೆಳ್ಳಗಿತ್ತು, ಹಿಂಡಿನ ಯಜಮಾನನೇ ಇರ್ಬೇಕು ಅಂತ ಅಜ್ಜನ ಮುಂದೆ ಸುಮಾರು ಕೊಚ್ಕೊಂಡಿದ್ದೆ. ಉತ್ತರ ಬಂದಾಗ ಎರಡು ವರ್ಷದ್ದು ಅಂತಿತ್ತು. ಅಂದ್ರೆ ಜೋಡಿ ಬಹುಶಃ ಹಾಗೇ ಉಳಿದಿತ್ತು, ಜೂನಲ್ಲಿ ಅದೇ ಕಣಿವೆಲಿ ಮರಿಗಳ ಸಣ್ಣ ಹೆಜ್ಜೆ ಕಂಡ್ವು, ನಾನೂ ಅಜ್ಜನೂ ಕೂತು ಎಣಿಸಿದ್ವಿ, ಅವರು ನಾಲ್ಕು ಅಂದ್ರು, ನಾನು ಐದು.