ಜಾಹೀರಾತಿನ ಮುಖ ನೋಡುವ ಮೊದಲು ಬೆರಳ ಗೆಣ್ಣು ನೋಡಿ

ಮುಂಬಯಿಯ ಅಂಧೇರಿಯಲ್ಲಿರುವ ಸ್ಟುಡಿಯೊ ಒಂದರಲ್ಲಿ ನಾನು ಜಾಹೀರಾತಿನ ಚಿತ್ರಗಳನ್ನು ತಿದ್ದುತ್ತೇನೆ. ಕಸುಬಿನವರು ಇದನ್ನು ರೀಟಚಿಂಗ್ ಎನ್ನುತ್ತಾರೆ. ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮೆಟ್ರೊ. ದಾರಿಯುದ್ದಕ್ಕೂ ಕಾಣುವುದು ನನ್ನಂಥ ಯಾರೋ ತಿದ್ದಿ ಕಳುಹಿಸಿದ ಮುಖಗಳೇ. ಕುಂದಾಪುರದ ನೆಂಟರು, ಇಲ್ಲಿನ ಕನ್ನಡ ಸಂಘದ ಗೆಳತಿಯರು, "ಯಾವ ಕ್ರೀಮ್ ಒಳ್ಳೆಯದು? ನಿಮಗೆ ಗೊತ್ತಿರಲೇಬೇಕಲ್ಲ" ಎಂದು ಕೇಳುತ್ತಿರುತ್ತಾರೆ. ಕ್ರೀಮಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಅದರ ಜಾಹೀರಾತನ್ನು ಓದುವುದು ಹೇಗೆಂದು ಮಾತ್ರ ಹೇಳಬಲ್ಲೆ.

ಜಾಹೀರಾತೊಂದು ಮನಸ್ಸಿಗೆ ಹಿಡಿಸಿದರೆ ಮೊದಲು ಒಂದು ಚೀಟಿ ತೆಗೆದುಕೊಳ್ಳಿ. ನಿಮ್ಮಲ್ಲಿ ಏನು ಕಡಿಮೆ ಇದೆ ಎಂದು ಅದು ಹೇಳುತ್ತಿದೆಯೋ ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 'ನನ್ನ ಕಂಕುಳು ಕಪ್ಪಗಿದೆ.' 'ನನ್ನ ಮಗ ಓರಗೆಯವರಷ್ಟು ಎತ್ತರವಿಲ್ಲ.' 'ನಮ್ಮ ಬಚ್ಚಲುಮನೆ ನೆಂಟರಿಗೆ ತೋರಿಸುವಂತಿಲ್ಲ.' ವಾಕ್ಯದ ಕೆಳಗೆ, ಈ ಚಿಂತೆ ಜಾಹೀರಾತು ನೋಡುವ ಮುಂಚೆಯೇ ಇತ್ತೇ, ಆಮೇಲೆ ಹುಟ್ಟಿತೇ ಎಂದು ಗುರುತು ಹಾಕಿ. ಮುಂಚೆಯೇ ಇದ್ದರೆ ವಸ್ತುವಿನ ಗುಣ, ಬೆಲೆ ವಿಚಾರಿಸಲು ಅಡ್ಡಿಯಿಲ್ಲ. ಆಮೇಲೆ ಹುಟ್ಟಿದ್ದಾದರೆ ಚೀಟಿಯನ್ನು ಒಂದು ವಾರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಕಂಕುಳಿನ ಚಿಂತೆಯನ್ನು ಮನೆಮಂದಿಯೆಲ್ಲ ಓದುವ ಜಾಗದಲ್ಲಿ ಅಂಟಿಸಲು ನಾಚಿಕೆಯಾದರೆ, ಆ ನಾಚಿಕೆ ಎಲ್ಲಿಂದ ಬಂತೆಂದು ಯೋಚಿಸಿದರೂ ಆದೀತು.

ಅಕ್ಕನ ಮಗಳಿಗೆ ಈಗ ಗಂಡು ನೋಡುತ್ತಿದ್ದಾರೆ. "ಚಿಕ್ಕಮ್ಮ, ಕನ್ನಡಿಯಲ್ಲಿ ನನ್ನ ಮುಖ ಕಳೆಗುಂದಿದಂತೆ ಕಾಣುತ್ತದೆ" ಎಂದಳು. "ಯಾರ ಮುಂದೆ ಕಳೆಗುಂದಿದೆ?" ಎಂದು ಕೇಳಿದೆ. ಮೊಬೈಲ್ ತೆಗೆದು ತೋರಿಸಿದಳು. ಅವಳ ಸೆಲ್ಫಿಗಳೇ! ಮುಂಭಾಗದ ಕ್ಯಾಮೆರಾದಲ್ಲಿ 'ಬ್ಯೂಟಿ' ಆಯ್ಕೆ ತಾನಾಗಿಯೇ ಚಾಲೂ ಇತ್ತು. ಹಲವು ಫೋನುಗಳಲ್ಲಿ ಹಾಗೆಯೇ ಇರುತ್ತದೆ. ಸೆಟಿಂಗ್ಸಿಗೆ ಹೋಗಿ ಅದನ್ನು ಸೊನ್ನೆಗೆ ಇಳಿಸಿ. ಮೊದಲ ಕೆಲವು ದಿನ ನಿಮ್ಮ ಮುಖ ನಿಮಗೇ ಹಿಡಿಸುವುದಿಲ್ಲ. ಕಣ್ಣು ಒಗ್ಗುವವರೆಗೆ ಏನನ್ನೂ ಕೊಳ್ಳಬೇಡಿ.

ಇನ್ನು ಚಿತ್ರ ನೋಡುವ ವಿಧಾನ. ಹಣ, ಸಮಯ ಎಲ್ಲವೂ ಮುಖಕ್ಕೆ ಸುರಿಯುತ್ತದೆ. ಕೈಕಾಲುಗಳ ಪಾಲಿಗೆ ಉಳಿಯುವುದು ಸ್ವಲ್ಪ. ಆದ್ದರಿಂದ ಬೆರಳ ಗೆಣ್ಣು, ಮೊಣಕೈ, ಕುತ್ತಿಗೆಯ ಅಡ್ಡಗೆರೆ, ಕಿವಿಯ ಅಂಚು ಇವುಗಳಿಂದ ಶುರು ಮಾಡಿ. ಕಿವಿಗಿಂತ ಕೆನ್ನೆ ತೀರಾ ತಿಳಿಯಾಗಿದ್ದರೆ ಅಲ್ಲಿ ಕಂಪ್ಯೂಟರಿನಲ್ಲಿ ತಿದ್ದುವ ಬ್ರಷ್ ಓಡಾಡಿರುವ ಸಾಧ್ಯತೆ ಹೆಚ್ಚು. ಹತ್ತಿರದಿಂದ ತೆಗೆದ ಕೆನ್ನೆಯ ಮೇಲೆ ನವಿರಾದ ರೋಮವೂ ರಂಧ್ರವೂ ಕಾಣಲೇಬೇಕು, ಕಾಣದಿದ್ದರೆ ಅದು ಚರ್ಮವಾಗಿ ಉಳಿದಿಲ್ಲ. ಕೂದಲಿನ ಜಾಹೀರಾತಾದರೆ ಎಳೆಗಳ ನಡುವೆ ಹಿನ್ನೆಲೆ ಇಣುಕುತ್ತಿದೆಯೇ ನೋಡಿ. ನಿಜವಾದ ಕೂದಲು ಎಷ್ಟೇ ದಟ್ಟವಾಗಿದ್ದರೂ ಅಂಚಿನಲ್ಲಿ ಕೆದರಿರುತ್ತದೆ.

'ಮೊದಲು', 'ನಂತರ' ಎಂಬ ಜೋಡಿಚಿತ್ರ ಕಂಡರೆ ಕಣ್ಣುಗುಡ್ಡೆಯಲ್ಲಿ ಮಿನುಗುವ ಬೆಳಕಿನ ಚುಕ್ಕೆಯನ್ನು ಹುಡುಕಿ. 'ಮೊದಲು' ಚಿತ್ರದಲ್ಲಿ ಅದು ಇರುವುದೇ ಅಪರೂಪ. ದೀಪವನ್ನು ನೆತ್ತಿಯ ಮೇಲಿಟ್ಟರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ, ಚುಕ್ಕೆ ಮಾಯವಾಗುತ್ತದೆ. ಜೊತೆಗೆ ತುಟಿ ಜೋಲು, ಕೂದಲು ಬಿಗಿಕಟ್ಟು. 'ನಂತರ'ಕ್ಕೆ ದೀಪ ಎದುರಿಗೆ ಬರುತ್ತದೆ, ಗಲ್ಲ ಮೇಲೇಳುತ್ತದೆ, ನಗು ಮೂಡುತ್ತದೆ. ಎರಡರ ನಡುವೆ ನಾಲ್ಕು ವಾರ ಕಳೆಯಬೇಕಾಗಿಲ್ಲ, ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು. ಜಾಹೀರಾತು ಉದ್ಯಮವೇ 1985ರಲ್ಲಿ ಕಟ್ಟಿಕೊಂಡ, ನಮ್ಮ ಮುಂಬಯಿಯಲ್ಲೇ ಇರುವ ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಚರ್ಮ ಬಿಳುಪಿನ ಉತ್ಪನ್ನಗಳಿಗೆ ನಿಯಮ ಮಾಡಿತು. ಕಪ್ಪು ಮೈಬಣ್ಣದವರನ್ನು ದುಃಖಿಗಳಂತೆ, ಅನಾಕರ್ಷಕರಂತೆ ತೋರಿಸಬಾರದು. ಬಣ್ಣವನ್ನು ಜಾತಿ, ಸಮುದಾಯ, ಉದ್ಯೋಗಗಳ ಜೊತೆ ತಳಕು ಹಾಕಬಾರದು. ಹಾಗಾಗಿ ಬಿಳುಪಿನ ಕ್ರೀಮಿನ 'ಮೊದಲು' ಚಿತ್ರದ ಜೋಲುತುಟಿ ಬರೀ ಅಗ್ಗದ ಉಪಾಯವಲ್ಲ, ನಿಯಮಭಂಗವೂ ಹೌದು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಚಿತ್ರ ಹೇಗಿರಬೇಕೆಂದು ಸ್ಟುಡಿಯೊಗಳಿಗೆ ಬರುವ ಸೂಚನೆಯ, ಅಂದರೆ ಬ್ರೀಫಿನ, ಮಾತೂ ನಯವಾಗಿದೆ. ಬಣ್ಣ ತಿಳಿಗೊಳಿಸುವ ಸ್ಲೈಡರ್ ಎಳೆಯುವ ದಿಕ್ಕು ಮಾತ್ರ ಇನ್ನೂ ಅದೇ. ಮಾಡೆಲ್‌ನ ಮೈಕಟ್ಟನ್ನು ತೆಳ್ಳಗೋ ದಪ್ಪವೋ ಮಾಡಿದ್ದರೆ ಚಿತ್ರದ ಮೇಲೆ ಹಾಗೆಂದು ಬರೆಯಲೇಬೇಕು ಎಂದು ಫ್ರಾನ್ಸಿನಲ್ಲಿ 2017ರಿಂದ ನಿಯಮವಿದೆ. ನಾರ್ವೆಯಲ್ಲಿ 2022ರಿಂದ ಚರ್ಮ ತಿದ್ದಿದರೂ ಬರೆಯಬೇಕು. ನಮ್ಮ ಹೋರ್ಡಿಂಗುಗಳಲ್ಲಿ ಅಂಥ ಸಾಲನ್ನು ನಾನು ಕಂಡಿಲ್ಲ.

ಸಿನಿಮಾ ತಾರೆಯ ಮುಖಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಪಕ್ಕದ ಮನೆಯವಳಂತೆ ಕಾಣುವ ಮುಖದ ಬಗ್ಗೆ. ಜನ ತಮ್ಮನ್ನು ತಮ್ಮಂತೆಯೇ ಇರುವವರ ಜೊತೆ ಹೋಲಿಸಿಕೊಳ್ಳುತ್ತಾರೆ ಎಂದು ಮನೋವಿಜ್ಞಾನಿ ಲಿಯೋನ್ ಫೆಸ್ಟಿಂಗರ್ 1954ರಲ್ಲೇ ವಾದಿಸಿದ್ದರು. ತಾರೆಯನ್ನು ನೋಡಿ 'ಅವಳ ವಿಷಯ ಬಿಡು' ಎನ್ನಬಹುದು. ಅಡುಗೆಮನೆಯಲ್ಲಿ ನಿಂತು ಸೀರಂ ಹಚ್ಚಿಕೊಳ್ಳುವ ಹುಡುಗಿಯನ್ನು ನೋಡಿ ಹಾಗೆನ್ನಲು ಬಾಯಿ ಬರುವುದಿಲ್ಲ. ಹಣವನ್ನೋ ಉಚಿತ ವಸ್ತುವನ್ನೋ ಪಡೆದು ಮಾಡಿದ ಪೋಸ್ಟಿಗೆ ಜಾಹೀರಾತು ಎಂಬ ಗುರುತು ಇರಲೇಬೇಕೆಂದು ಅದೇ ಮಂಡಳಿ 2021ರಲ್ಲಿ ಹೇಳಿದೆ. ಹ್ಯಾಷ್‌ಟ್ಯಾಗ್‌ಗಳ ಗೊಂಚಲಿನ ತುದಿಯಲ್ಲಿ ಹುಡುಕಿ, ಬಚ್ಚಿಟ್ಟಿರುತ್ತಾರೆ.

ನಮ್ಮ ಡೊಂಬಿವಲಿ ಬಳಿಯ ಕಲ್ಯಾಣ-ಶೀಳ್ ರಸ್ತೆಯ ಕಡೆ ಬಂದರೆ ಆತ್ಮಗೌರವಕ್ಕೆ ಕೈಹಾಕುವ ಬೇರೆಯೇ ಜಾತಿಯ ಜಾಹೀರಾತುಗಳು ಸಿಗುತ್ತವೆ: ಮನೆಗಳವು. ಈಜುಕೊಳ, ಪಿಟೀಲು ಹಿಡಿದ ಮಗು, ಬಿಳಿ ಸೋಫಾ. ಚೀಟಿಯಲ್ಲಿ ಬರೆಯಬೇಕಾದ ವಾಕ್ಯ 'ನಾವಿನ್ನೂ ಚಾಳಿನವರು', ಅಂದರೆ ಒಂದೊಂದೇ ಕೋಣೆಯ ವಠಾರದವರು, ಎಂದು. ಕ್ರೀಮಿನಲ್ಲಿ ಕಳೆದುಕೊಂಡರೆ ಕೆಲವು ನೂರು ರೂಪಾಯಿ; ಇಲ್ಲಿ ಇಪ್ಪತ್ತು ವರ್ಷದ ಕಂತು. ಇಂಥ ಚಿತ್ರಗಳಲ್ಲಿ ಹೈಟೆನ್ಷನ್ ತಂತಿ ಅಳಿಸಿಹೋಗುತ್ತದೆ, ನಾಲೆ ಹುಲ್ಲುಹಾಸಾಗುತ್ತದೆ, ಎದುರಿನ ಕಟ್ಟಡ ಗುಡ್ಡವಾಗುತ್ತದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಕಲಾವಿದರ ಕಲ್ಪನೆ' ಎಂದಿರುತ್ತದೆ. ಚಿತ್ರದಿಂದ ಕಣ್ಣು ಕಿತ್ತು, ಮನೆ ಕಟ್ಟುವವರ ಮೇಲೆ ಕಣ್ಣಿಡುವ ರಾಜ್ಯದ ಪ್ರಾಧಿಕಾರವಾದ ಮಹಾರೇರಾದ ನೋಂದಣಿ ಸಂಖ್ಯೆ ಹುಡುಕಿ. 2023ರ ಆಗಸ್ಟ್ 1ರಿಂದ ಮಹಾರಾಷ್ಟ್ರದಲ್ಲಿ ಇಂಥ ಜಾಹೀರಾತಿನ ಮೇಲೆ ಕ್ಯುಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ಯೋಜನೆಯ ಪುಟವೇ ತೆರೆದುಕೊಳ್ಳುತ್ತದೆ. ಕಾರ್ಪೆಟ್ ವಿಸ್ತೀರ್ಣ (ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ), ಮುಗಿಸಿಕೊಡುವ ದಿನಾಂಕ ಎರಡನ್ನೂ ಬರೆದುಕೊಳ್ಳಿ. 'ಸ್ಟೇಷನ್‌ನಿಂದ ಐದು ನಿಮಿಷ' ಎಂದಿದ್ದರೆ ಜುಲೈ ತಿಂಗಳ ಮಳೆಯಲ್ಲಿ, ಸಂಜೆ ಏಳರ ಜನಜಂಗುಳಿಯಲ್ಲಿ ನಡೆದು ನೋಡಿ. ಮಾದರಿ ಮನೆಗೆ ಹೋಗುವಾಗ ಅಳತೆಯ ಟೇಪು ಜೊತೆಗಿರಲಿ. ಅಲ್ಲಿನ ಮಂಚದ ಅಳತೆ ತೆಗೆದರೆ ಸೇಲ್ಸ್ ಹುಡುಗನ ಮುಖಭಾವವೇ ಬೇರೆಯಾಗುತ್ತದೆ.

ನಕ್ಷತ್ರ ಚಿಹ್ನೆ ಕಂಡಲ್ಲಿ ನಿಲ್ಲಿ. 'ಐದು ಪಟ್ಟು ನುಣುಪು' ಎಂಬುದರ ಕೆಳಗೆ 'ಕಂಡೀಷನರ್ ಇಲ್ಲದ ಶಾಂಪೂಗೆ ಹೋಲಿಸಿದಾಗ' ಎಂದಿರಬಹುದು. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕೆಂದು ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ಹಿಂದಿ ಜಾಹೀರಾತಿನ ಬುಡದಲ್ಲಿ ಇರುವೆಸಾಲಿನಂಥ ಇಂಗ್ಲಿಷ್ ಕಂಡರೆ ದೂರಬಹುದು. ಅಂಗಡಿಯಲ್ಲಿ ಪೊಟ್ಟಣದ ಎಂಆರ್‌ಪಿ ಪಕ್ಕದ ಗ್ರಾಂ ಲೆಕ್ಕದ ಬೆಲೆ ಓದಿ. ಆ್ಯಪ್‌ನಲ್ಲಿ 'ಬೇಡ, ನನಗೆ ಉಳಿತಾಯ ಇಷ್ಟವಿಲ್ಲ' ಎಂಬ ಗುಂಡಿ ಕಂಡರೆ ಧೈರ್ಯವಾಗಿ ಒತ್ತಿ. ಹೀಗೆ ಗಿರಾಕಿಯನ್ನು ನಾಚಿಸುವುದು 2023ರಲ್ಲಿ ಸರ್ಕಾರ ನಿಷೇಧಿಸಿದ 13 ಮೋಸದ ವಿನ್ಯಾಸಗಳಲ್ಲಿ ಒಂದು; 'ಇನ್ನೆರಡೇ ಉಳಿದಿವೆ' ಎಂಬ ಸುಳ್ಳು ಅವಸರವೂ ಅದೇ ಪಟ್ಟಿಯಲ್ಲಿದೆ. (ಮಾರುವವರಲ್ಲಿ ನನಗೆ ಇಷ್ಟ ಲೋಕಲ್‌ನ ಲೇಡೀಸ್ ಬೋಗಿಯಲ್ಲಿ ಕ್ಲಿಪ್ಪು ಮಾರುವವರು. ಕೈಗೆ ಕೊಡುತ್ತಾರೆ, ಮುಡಿದು ನೋಡು ಎನ್ನುತ್ತಾರೆ, ಬೇಡವೆಂದರೆ ಮುಂದಿನ ಸೀಟಿಗೆ ಹೋಗುತ್ತಾರೆ.)

ದೂರು ಕೊಡುವುದು ಕಷ್ಟವಲ್ಲ. ಮಾನದಂಡ ಮಂಡಳಿಗೆ ಆನ್‌ಲೈನ್‌ನಲ್ಲೇ ಬರೆಯಬಹುದು. ಕೊಂಡು ಮೋಸಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಬಿಲ್ಲು ಕೈಯಲ್ಲಿರಲಿ. ದಾರಿತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೋರ್ಡಿಂಗಿನ ಫೋಟೊ ತೆಗೆಯುವಾಗ ಜಾಗ, ದಿನಾಂಕ ಬರೆದಿಡಿ. ದೂರು ಓದುವವರು ನೋಡುವ ಹೊತ್ತಿಗೆ ಅದು ಇಳಿದಿರುತ್ತದೆ. ಇಡೀ ಹೋರ್ಡಿಂಗಿನದು ಒಂದು, ಸಣ್ಣ ಅಕ್ಷರಗಳಿರುವ ಮೂಲೆಯದು ಇನ್ನೊಂದು ಇರಲಿ. ಓಡುವ ಲೋಕಲ್‌ನಿಂದ ತೆಗೆದದ್ದು ಮಸುಕಾಗುತ್ತದೆ, ಗಾಡಿ ನಿಂತಾಗ ತೆಗೆಯಿರಿ. ಫಿಲ್ಟರ್ ಹಾಕಬೇಡಿ.